ಸಿಗ್ನಲ್ ಕೆಂಪಿದ್ದರೂ ಯಾಕೆ ನುಗ್ಗುತ್ತಾರೆ? ಮೈಸೂರು, ಮಂಡ್ಯ ರಸ್ತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಕಾರು ಕಲಿಸೋದು ನನ್ನ ಕೆಲಸ. ಹದಿನೇಳು ವರ್ಷ ಆಯಿತು. ಕಲಿಯುವವರ ಎಡಗಡೆ ಸೀಟಿನಲ್ಲಿ ಕೂರುತ್ತೇನೆ, ನನ್ನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಸ್ವಂತ ಊರು ಮಂಡ್ಯದ ಹತ್ತಿರದ ಹಳ್ಳಿ, ಹಾಗಾಗಿ ವಾರಕ್ಕೊಮ್ಮೆ ಆ ಕಡೆಯ ರಸ್ತೆಯನ್ನೂ ನೋಡುತ್ತೇನೆ. ಕಲಿಯೋಕೆ ಬಂದವರು ಗೇರು, ಕ್ಲಚ್ಚಿನ ಬಗ್ಗೆ ಕೇಳೋದು ಮೊದಲ ವಾರ ಮಾತ್ರ. ಆಮೇಲೆ ಕೇಳೋದೆಲ್ಲ ಬೇರೆಯವರ ಬಗ್ಗೆ. "ಸಾರ್, ಅವನ್ಯಾಕೆ ಹಾಗೆ ಬಂದ?" ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಜನಕ್ಕೆ ರೂಲ್ಸ್ ಗೊತ್ತಿಲ್ವಾ, ಗೊತ್ತಿದ್ದೂ ಮುರೀತಾರಾ?

ಮುಕ್ಕಾಲು ಪಾಲು ಗೊತ್ತಿದ್ದೇ ಮುರಿಯುತ್ತಾರೆ. ಕೆಂಪು ಅಂದರೆ ನಿಲ್ಲು ಅನ್ನೋದು ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಪರೀಕ್ಷೆಗಿಂತ ಎಷ್ಟೋ ಮುಂಚೆ, ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಆಗಿರುತ್ತದೆ. ಗೊತ್ತಿಲ್ಲದಿದ್ದರೆ ಪೊಲೀಸರು ನಿಂತಿರೋ ಸಿಗ್ನಲ್‌ನಲ್ಲಿ ಅಷ್ಟು ಚೆನ್ನಾಗಿ ಗೆರೆಯ ಹಿಂದೆ ನಿಲ್ಲೋಕೆ ಹೇಗೆ ಬರುತ್ತಿತ್ತು?

ಹೆಲ್ಮೆಟ್ಟನ್ನೇ ನೋಡಿ. ಸ್ಕೂಟರಿನ ಕನ್ನಡಿಗೆ ನೇತುಹಾಕಿಕೊಂಡೋ, ಮೊಣಕೈಗೆ ಸಿಕ್ಕಿಸಿಕೊಂಡೋ ಬರುತ್ತಾರೆ. ರಾಮಸ್ವಾಮಿ ಸರ್ಕಲ್ ಇನ್ನು ನೂರು ಮೀಟರ್ ಇದೆ ಅನ್ನುವಾಗ ಅದು ತಲೆಗೆ ಏರುತ್ತದೆ. ಸರ್ಕಲ್ ದಾಟುತ್ತಿದ್ದ ಹಾಗೇ ಮತ್ತೆ ಮೊಣಕೈಗೆ ಇಳಿಯುತ್ತದೆ. ಪೊಲೀಸರಿಗೆ ತೋರಿಸೋಕೆ ಅಂತಲೇ ಕೊಂಡ ಸಾಮಾನು ಅದು.

ನನ್ನ ಪ್ರಕಾರ ಇಡೀ ರೋಗದ ಬೇರು ಇಲ್ಲೇ ಇದೆ. ರಸ್ತೆಯ ನಿಯಮ ನಮಗೂ ಎದುರಿನಿಂದ ಬರುವವರಿಗೂ ಆಗಿರುವ ಮಾತುಕತೆ. ನೀನು ಆ ಕಡೆ, ನಾನು ಈ ಕಡೆ ಅಂತ. ನಾವು ಅದನ್ನು ನಮಗೂ ಪೊಲೀಸರಿಗೂ ಇರುವ ಲೇವಾದೇವಿ ಅಂದುಕೊಂಡಿದ್ದೇವೆ. ಹಾಗಾಗಿ ಪೊಲೀಸರಿಲ್ಲದ ಕಡೆ ನಿಯಮವೂ ಇಲ್ಲ.

ಹಾಗಾದರೆ ದಂಡ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಲ್ವಾ?

ಮಾಡಿ ನೋಡಿದ್ದಾಯಿತು. 2019ರ ಸೆಪ್ಟೆಂಬರ್ 1ಕ್ಕೆ ಮೋಟಾರು ವಾಹನ ಕಾಯ್ದೆಯ ಹೊಸ ದಂಡಗಳು ಜಾರಿಗೆ ಬಂದವು. ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ರೂಪಾಯಿ. ಎರಡು ವಾರ ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇತ್ತು, ಅಂಗಡಿಗಳಲ್ಲಿ ಸ್ಟಾಕ್ ಖಾಲಿ. ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಜನ ನಿಧಾನಕ್ಕೆ ಹಳೇ ದಾರಿಗೆ ಬಂದರು.

ಆದರೆ ಸಾವಿರವೇ ಉಳಿದಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮನುಷ್ಯ ಲೆಕ್ಕ ಹಾಕೋದು ಎಷ್ಟು ದಂಡ ಅಂತ ಅಲ್ಲ, ಸಿಕ್ಕಿಬೀಳುತ್ತೇನಾ ಅಂತ. ಇಟಲಿಯ ಬೆಕಾರಿಯಾ ಅನ್ನುವವರು 1764ರಲ್ಲೇ ಇದನ್ನು ಬರೆದಿದ್ದರಂತೆ, ಅಪರಾಧ ತಡೆಯೋದು ಶಿಕ್ಷೆಯ ಕ್ರೌರ್ಯ ಅಲ್ಲ, ಅದು ತಪ್ಪದೆ ಬರುತ್ತದೆ ಅನ್ನುವ ಖಾತ್ರಿ ಅಂತ. ನನ್ನ ಹತ್ತಿರ ಕಲಿಯುತ್ತಿದ್ದ ಕಾನೂನು ಓದುವ ಹುಡುಗಿ ಹೇಳಿದಳು, ಬಲ್ಲಾಳ್ ಸರ್ಕಲ್‌ನಲ್ಲಿ ಗಾಡಿ ಆಫ್ ಮಾಡಿಕೊಂಡು, ಹಿಂದಿನವರ ಹಾರ್ನ್ ಮಧ್ಯೆ.

ಇನ್ನೊಂದು ವಿಷಯ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. 2025ರ ಆಗಸ್ಟ್‌ನಲ್ಲೂ ಕೊಟ್ಟರು. ಬಾಕಿ ವಸೂಲಾಯಿತು, ಸರಿ. ಆದರೆ ಜನ ಕಲಿತದ್ದೇನು? ಆಷಾಢದ ಸೀರೆ ಸೇಲ್ ಥರ ಇದಕ್ಕೂ ಒಂದು ಸೀಸನ್ ಬರುತ್ತದೆ, ಕಾದರೆ ಲಾಭ ಅಂತ. ಮೊದಲ ದಿನವೇ ಪೂರ್ತಿ ದಂಡ ಕಟ್ಟಿದವರು ನನ್ನ ಕಾರಿನಲ್ಲಿ ಕೂತು ಹೊಟ್ಟೆ ಉರಿದುಕೊಂಡಿದ್ದಾರೆ.

ಒಬ್ಬ ಸಿಗ್ನಲ್ ಜಂಪ್ ಮಾಡಿದರೆ ಎಲ್ಲರೂ ಹಿಂದೆ ಹೋಗ್ತಾರಲ್ಲ, ಯಾಕೆ?

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೈಮರ್ ಇರುವ ಯಾವುದಾದರೂ ಸಿಗ್ನಲ್‌ಗೆ ಬನ್ನಿ. ಸಂಜೆ ಏಳು ಗಂಟೆ. ಕೆಂಪು ದೀಪ, ಅಂಕಿ 22. ಎಲ್ಲರೂ ನಿಂತಿದ್ದಾರೆ. 15ಕ್ಕೆ ಯಾರೋ ಒಬ್ಬ ಸ್ಟಾಂಡ್ ಎತ್ತುತ್ತಾನೆ. 10ಕ್ಕೆ ಎಕ್ಸಲರೇಟರ್ ಒಂದೆರಡು ಸಲ ತಿರುಗುತ್ತದೆ, ಗುರ್ರ್ ಅಂತ. 7ಕ್ಕೆ ಮುಂದಿನ ಚಕ್ರ ಗೆರೆ ದಾಟಿ ಜೀಬ್ರಾ ಪಟ್ಟೆಯ ಮೇಲೆ ಇರುತ್ತದೆ. ನಡೆದುಕೊಂಡು ದಾಟುತ್ತಿದ್ದ ಅಜ್ಜಿ ಚೀಲ ಎದೆಗೆ ಒತ್ತಿಕೊಂಡು ಗಾಡಿಗಳ ಸಂದಿಯಲ್ಲಿ ನುಸುಳುತ್ತಾರೆ. 4ಕ್ಕೆ ಒಬ್ಬ ಹೊರಟೇಬಿಟ್ಟ. 3ಕ್ಕೆ ಹತ್ತು ಜನ.

ಆ ಮೊದಲನೆಯವನಿಗೆ ಧೈರ್ಯ ಎಲ್ಲಿಂದ ಬಂತು? ನಿನ್ನೆಯಿಂದ. ನಿನ್ನೆಯೂ 4ಕ್ಕೇ ಹೊರಟಿದ್ದ, ಏನೂ ಆಗಲಿಲ್ಲ. ಮೊನ್ನೆಯೂ ಏನೂ ಆಗಲಿಲ್ಲ. "ಏನೂ ಆಗಲ್ಲ ಬಿಡಿ" ಅನ್ನುವುದಕ್ಕಿಂತ ಪ್ರಭಾವಿ ಮೇಷ್ಟ್ರು ನಮ್ಮ ರಸ್ತೆಯಲ್ಲಿ ಇಲ್ಲ, ನಾನಂತೂ ಅವನ ಮುಂದೆ ಏನೇನೂ ಅಲ್ಲ. ನಾನು ಹೇಳಿಕೊಡೋದು ಇಪ್ಪತ್ತು ಕ್ಲಾಸ್. ಅವನು ದಿನಾ ಬೆಳಿಗ್ಗೆ ಸಂಜೆ ಪಾಠ ಮಾಡುತ್ತಾನೆ. ಪ್ರತಿ ಸಲವೂ ಕೈಗೆ ನಾಲ್ಕು ಸೆಕೆಂಡಿನ ಬಹುಮಾನ ಬೇರೆ ಇಡುತ್ತಾನೆ. ಅಪಘಾತ ಅನ್ನೋದು ಸಾವಿರ ಸಲದಲ್ಲಿ ಒಂದು ಸಲ, ಅದೂ ಬೇರೆ ಯಾರಿಗೋ.

ಇನ್ನು ಹಿಂದಿನ ಹತ್ತು ಜನ. ಅವರು ದೀಪ ನೋಡೋದೇ ಇಲ್ಲ, ಮುಂದಿನವನ ಬೆನ್ನು ನೋಡುತ್ತಾರೆ. ಎಲ್ಲರೂ ಹೊರಟಾಗ ನೀವೊಬ್ಬರೇ ನಿಂತರೆ ನೀವೇ ತಪ್ಪು ಮಾಡಿದ ಹಾಗೆ ಕಾಣುತ್ತದೆ. ನನ್ನ ವಿದ್ಯಾರ್ಥಿನಿ ಒಬ್ಬರು, ಐವತ್ತರ ಮೇಲಿನ ಟೀಚರಮ್ಮ, ಹಳದಿ ದೀಪಕ್ಕೆ ಸರಿಯಾಗಿ ನಿಲ್ಲಿಸಿದರು. ಹಿಂದಿದ್ದ ಕಾರಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಅವರ ಕಿವಿ ಕೆಂಪಾಯಿತು. ಮುಂದಿನ ಸಿಗ್ನಲ್‌ನಲ್ಲಿ ಹಳದಿ ಬಂದಾಗ ಅವರ ಕಾಲು ತಾನಾಗಿ ಎಕ್ಸಲರೇಟರ್ ಕಡೆ ಹೋಯಿತು. ಬ್ರೇಕ್ ಒತ್ತಿದ್ದು ನಾನು. ಸರಿ ಮಾಡಿದ್ದಕ್ಕೆ ಬೈಸಿಕೊಂಡರೆ ಯಾರು ತಾನೇ ಎರಡನೇ ಸಲ ಸರಿ ಮಾಡುತ್ತಾರೆ?

ಹಳದಿ ದೀಪ ಬಂದರೆ ಬೇಗ ಹೋಗಬೇಕೋ, ನಿಲ್ಲಬೇಕೋ?

ನಿಲ್ಲಬೇಕು. ಗೆರೆಗೆ ತೀರಾ ಹತ್ತಿರ ಬಂದು, ದಢಕ್ಕನೆ ನಿಂತರೆ ಹಿಂದಿನವರು ಗುದ್ದುತ್ತಾರೆ ಅನ್ನುವ ಹಾಗಿದ್ದರೆ ಮಾತ್ರ ಹೋಗಬಹುದು.

ಹಾರ್ನ್ ಇಷ್ಟೊಂದು ಯಾಕೆ ಹೊಡೀತಾರೆ?

ಕೆಲವರಿಗೆ ಉಸಿರಾಟದ ಥರ ಅಭ್ಯಾಸ. ಉಳಿದವರಿಗೆ ಅದು ಬೈಗುಳ. ವಿಶೇಷ ಏನೆಂದರೆ ಈ ಬೈಗುಳ ಎಲ್ಲರಿಗೂ ಒಂದೇ ಥರ ಬೀಳೋದಿಲ್ಲ. 1968ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಹಸಿರು ದೀಪ ಬಂದರೂ ಕದಲದೆ ಒಂದು ಕಾರು ನಿಲ್ಲಿಸಿಕೊಂಡಿರೋದು. ಒಮ್ಮೆ ಹಳೇ ಸಾಧಾರಣ ಕಾರು, ಇನ್ನೊಮ್ಮೆ ಹೊಸ ದುಬಾರಿ ಕಾರು. ಹಳೇ ಕಾರಿಗೆ ಹಿಂದಿನವರು ಬೇಗ ಹಾರ್ನ್ ಹೊಡೆದರು, ಜಾಸ್ತಿ ಜನ ಹೊಡೆದರು. ದುಬಾರಿ ಕಾರಿನ ಹಿಂದೆ ಎಷ್ಟೋ ಜನ ಸುಮ್ನೆ ಕಾದರು.

ನನಗೆ ಪ್ರಯೋಗ ಬೇಕಿಲ್ಲ. ನಮ್ಮ ಕಾರಿನ ತಲೆಯ ಮೇಲೆ ಕೆಂಪು "ಎಲ್" ಬೋರ್ಡ್ ಇದೆ. ಕಲಿಯುವವರು ಅಂತ ಗೊತ್ತಾದರೆ ತಾಳ್ಮೆ ಜಾಸ್ತಿ ಇರಬೇಕು ಅಲ್ವಾ? ಉಲ್ಟಾ.

ಸರ್ಕಲ್‌ನಲ್ಲಿ ಮೊದಲು ಯಾರು ಹೋಗಬೇಕು?

ಈಗಾಗಲೇ ಸರ್ಕಲ್ ಒಳಗೆ ಸುತ್ತುತ್ತಿರುವ ಗಾಡಿ. ಹೊರಗಿನಿಂದ ಬರುವವರು ನಿಧಾನ ಮಾಡಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಒಳಗೆ ಸೇರಬೇಕು. ಸರ್ಕಲ್‌ಗಳ ಊರು ನಮ್ಮದು. ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ಹಾರ್ಡಿಂಜ್ ಸರ್ಕಲ್, ಬಡಾವಣೆಗಳ ಒಳಗೆ ಲೆಕ್ಕವಿಲ್ಲದಷ್ಟು. ಆದರೂ ಈ ಒಂದು ನಿಯಮ ನಿಜವಾಗಿಯೂ ಜನಕ್ಕೆ ಗೊತ್ತಿಲ್ಲ. ಹತ್ತು ವರ್ಷ ಗಾಡಿ ಓಡಿಸಿದವರನ್ನೂ ಕೇಳಿ ನೋಡಿ, "ಯಾರು ಮೊದಲು ನುಗ್ತಾರೋ ಅವರು" ಅನ್ನುತ್ತಾರೆ. ದೊಡ್ಡ ಗಾಡಿಗೆ ಮೊದಲ ಮರ್ಯಾದೆ, ಬಸ್ಸಿಗೆ ಎಲ್ಲರಿಗಿಂತ ಜಾಸ್ತಿ.

ಸರ್ಕಲ್‌ನ ಚಿಕ್ಕ ಕಡೆಯಿಂದ ಉಲ್ಟಾ ತಿರುಗಿ ಬಲಕ್ಕೆ ಹೋಗೋದು ಇನ್ನೊಂದು ಚಟ. ಸಣ್ಣ ಬಡಾವಣೆ ಸರ್ಕಲ್ ಆದರೆ ತರಕಾರಿ ತರೋಕೆ ಹೋಗುವ ಯಜಮಾನರೂ ಇದನ್ನೇ ಮಾಡುತ್ತಾರೆ.

ನೇರ ಹೋಗೋಕೆ ನಾಲ್ಕೂ ಇಂಡಿಕೇಟರ್ ಹಾಕಬೇಕಂತೆ, ಹೌದಾ?

ಅಲ್ಲ. ಇದನ್ನು ಯಾರು ಶುರು ಮಾಡಿದರೋ ದೇವರೇ ಬಲ್ಲ. ನಾಲ್ಕೂ ದೀಪ ಮಿನುಗಿದರೆ "ನನ್ನ ಗಾಡಿ ಕೆಟ್ಟು ನಿಂತಿದೆ, ಅಪಾಯ ಇದೆ" ಅಂತ ಅರ್ಥ. ಅದನ್ನು ಹಾಕಿಕೊಂಡು ಸರ್ಕಲ್‌ಗೆ ಬಂದರೆ ಎಡಗಡೆ ಇರುವವನಿಗೆ ನಿಮ್ಮ ಎಡ ದೀಪ ಮಾತ್ರ ಕಾಣುತ್ತದೆ, ನೀವು ಅವನ ಕಡೆ ತಿರುಗುತ್ತೀರಿ ಅಂದುಕೊಳ್ಳುತ್ತಾನೆ. ಬಲಗಡೆಯವನೂ ಹಾಗೇ. ನೇರ ಹೋಗೋಕೆ ಯಾವ ಇಂಡಿಕೇಟರೂ ಬೇಡ.

ಎಡಕ್ಕೆ ತಿರುಗೋಕೆ ಯಾವಾಗಲೂ ಫ್ರೀ ಅಲ್ವಾ?

ಬೋರ್ಡ್ ಇದ್ದರೆ ಮಾತ್ರ. ಇಲ್ಲದಿದ್ದರೆ ಕೆಂಪು ಅಂದರೆ ಎಡಕ್ಕೂ ಕೆಂಪೇ. ಫ್ರೀ ಲೆಫ್ಟ್ ಇರುವ ಕಡೆ ಎಡಗಡೆ ಅಡ್ಡ ನಿಂತು ನೇರ ಹೋಗೋಕೆ ಕಾಯುವವರ ಬಗ್ಗೆ ನಾನು ಇಲ್ಲಿ ಬರೆಯೋದಿಲ್ಲ. ಬರೆದರೆ ಭಾಷೆ ಕೆಡುತ್ತದೆ.

ರಾಂಗ್ ಸೈಡ್‌ನಲ್ಲಿ ಬರುವವರಿಗೆ ಭಯ ಆಗಲ್ವಾ?

ರಾಂಗ್ ಸೈಡ್‌ನಲ್ಲಿ ಬರುವವರನ್ನು ನಿಲ್ಲಿಸಿ ಕೇಳಿದರೆ ಬರುವ ಉತ್ತರ ಎಲ್ಲ ಕಡೆ ಒಂದೇ. "ಇಲ್ಲೇ ಪಕ್ಕಕ್ಕೆ ಸಾರ್." ಅವರ ಪ್ರಕಾರ ಅವರು ರಾಂಗ್ ಸೈಡ್‌ನಲ್ಲಿ ಗಾಡಿ ಓಡಿಸುತ್ತಿಲ್ಲ, ಪಕ್ಕಕ್ಕೆ ಹೋಗುತ್ತಿದ್ದಾರೆ ಅಷ್ಟೇ. ಓರೆಯಾಗಿ, ರಸ್ತೆಯ ಅಂಚಿಗೆ ಅಂಟಿಕೊಂಡು, ತಲೆ ಸ್ವಲ್ಪ ಬಗ್ಗಿಸಿ ಬರುತ್ತಾರೆ. ಆ ತಲೆ ಬಗ್ಗಿಸೋದು ಒಂಥರಾ ಕ್ಷಮೆ ಕೇಳಿದ ಹಾಗೆ. ಹಾಗಾಗಿ ತಪ್ಪು ಮನ್ನಾ ಆಯಿತು ಅಂತ ಅವರ ನಂಬಿಕೆ.

ಲೆಕ್ಕ ಹಾಕಿ ನೋಡೋಣ. ಯೂ ಟರ್ನ್ ಅರ್ಧ ಕಿಲೋಮೀಟರ್ ಮುಂದಿದೆ ಅಂದುಕೊಳ್ಳಿ. ಹೋಗಿ ಬಂದರೆ ಒಂದು ಕಿಲೋಮೀಟರ್. ಲೀಟರಿಗೆ 45 ಕೊಡುವ ಸ್ಕೂಟರಿಗೆ ಎರಡು ಮೂರು ರೂಪಾಯಿ ಪೆಟ್ರೋಲ್, ಎರಡು ನಿಮಿಷ. ಉಳಿಯೋದು ಇಷ್ಟೇ. ಕೊಡೋದು ಏನು? ನೀವು 30ರಲ್ಲಿ, ಎದುರಿನವನು 50ರಲ್ಲಿ ಬಂದರೆ ಇಬ್ಬರ ನಡುವಿನ ಜಾಗ 80ರ ವೇಗದಲ್ಲಿ ಕರಗುತ್ತದೆ, ಸೆಕೆಂಡಿಗೆ 22 ಮೀಟರ್. ಅವನ ಕಣ್ಣು ನೀವು ಅಲ್ಲಿ ಇರುತ್ತೀರಿ ಅಂತ ನಿರೀಕ್ಷೆಯನ್ನೇ ಮಾಡಿರೋದಿಲ್ಲ. ಪಕ್ಕದ ಗಲ್ಲಿಯಿಂದ ರಸ್ತೆಗೆ ಸೇರುವವನು ಬಲಗಡೆ ಮಾತ್ರ ನೋಡುತ್ತಾನೆ. ಗಾಡಿ ಬರಬೇಕಾದ್ದು ಆ ಕಡೆಯಿಂದ. ನೀವು ಎಡಗಡೆಯಿಂದ ಬರುತ್ತಿದ್ದೀರಿ.

ಹಾಗಂತ ಪೂರ್ತಿ ತಪ್ಪು ಸವಾರರದ್ದೇ ಅಂತ ನಾನು ಹೇಳೋದಿಲ್ಲ. ಮಂಡ್ಯ, ಮದ್ದೂರು ಕಡೆ ಹೆದ್ದಾರಿಯ ಪಕ್ಕದ ಹಳ್ಳಿಗಳಿಗೆ ಹೋಗಿ ನೋಡಿ. ಮನೆ ಈ ಕಡೆ, ಗದ್ದೆ ಆ ಕಡೆ. ಮೊದಲು ನಾಲ್ಕು ಹೆಜ್ಜೆಗೆ ದಾಟುತ್ತಿದ್ದ ರಸ್ತೆಗೆ ಈಗ ಎರಡೂ ಕಡೆ ಬೇಲಿ. ಅಂಡರ್‌ಪಾಸ್ ಎಲ್ಲೋ ದೂರ, ಮಳೆ ಬಂದರೆ ಅದರೊಳಗೆ ನೀರು. ಹುಲ್ಲಿನ ಹೊರೆ ಕಟ್ಟಿಕೊಂಡ ಟಿವಿಎಸ್‌ನಲ್ಲಿ ರೈತ ಸರ್ವಿಸ್ ರೋಡಿನಲ್ಲಿ ಉಲ್ಟಾ ಬಂದರೆ ಅವನಿಗೆ ನಿಯಮದ ಪಾಠ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ರಸ್ತೆ ಮಾಡಿದವರು ಅವನು ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ ಅಂತ ಕೇಳಬೇಕಿತ್ತು. ಜನ ನಡೆದ ಕಡೆ ದಾರಿ ಆಗುತ್ತದೆ, ಬೇಲಿ ಹಾಕಿದರೆ ಬೇಲಿ ಮುರಿಯುತ್ತಾರೆ.

ಆದರೆ ಮೈಸೂರಿನ ರಿಂಗ್ ರೋಡಿನಲ್ಲಿ ಸಿಗರೇಟಿಗೆ ಅಂತ ಉಲ್ಟಾ ಬರುವವನಿಗೆ ಈ ರಿಯಾಯಿತಿ ಇಲ್ಲ.

ದಶಪಥದಲ್ಲಿ ಅಷ್ಟೊಂದು ಅಪಘಾತ ಯಾಕಾದವು? ರಸ್ತೆ ಚೆನ್ನಾಗೇ ಇದೆಯಲ್ಲ?

ಚೆನ್ನಾಗಿ ಇದ್ದದ್ದೇ ಒಂದು ಕಾರಣ. ಬೆಂಗಳೂರು–ಮೈಸೂರು ಹೆದ್ದಾರಿ, ಸುಮಾರು 118 ಕಿ.ಮೀ., ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆ ಮಾಡಿದ್ದು. ನಲವತ್ತು ವರ್ಷ ಹಳೇ ರಸ್ತೆಯಲ್ಲಿ ಓಡಿಸಿ ಬೆಳೆದ ಕೈಗಳು ಒಂದೇ ದಿನದಲ್ಲಿ ಈ ರಸ್ತೆಗೆ ಇಳಿದವು. ಲೇನ್ ಅಂದರೇನು ಅಂತ ಗೊತ್ತಿಲ್ಲ, ಎಡಗಡೆಯಿಂದ ಓವರ್‌ಟೇಕ್ ಮಾಡೋದು ತಪ್ಪು ಅಂತ ಗೊತ್ತಿಲ್ಲ, ನಡುವೆ ನಿಲ್ಲಿಸಿ ಫೋಟೋ ತೆಗೆಯಬಾರದು ಅಂತ ಗೊತ್ತಿಲ್ಲ. ಕಾರು 120ರಲ್ಲಿ, ಪಕ್ಕದಲ್ಲೇ ಸ್ಕೂಟರ್ 50ರಲ್ಲಿ. ವೇಗದ ಜೊತೆ ಈ ಅಂತರವೂ ಕೊಲ್ಲುತ್ತದೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ದೂರ ಇಟ್ಟರು. ಕಾರುಗಳಿಗೆ ಗಂಟೆಗೆ 100ರ ಮಿತಿ, ಮೇಲಿಂದ ಕ್ಯಾಮೆರಾ. ಪರಿಸ್ಥಿತಿ ಸುಧಾರಿಸಿತು. ದಂಡದ ಮೊತ್ತ ಅಷ್ಟೇ ಇತ್ತು, ಸಿಕ್ಕಿಬೀಳೋದು ಮಾತ್ರ ಖಾತ್ರಿಯಾಯಿತು.

ಒಂದು ವಿಷಯ ಯಾರೂ ಹೇಳೋದಿಲ್ಲ. ಒಂದು ಗಂಟೆ ನೂರರಲ್ಲಿ ಓಡಿಸಿದ ಮೇಲೆ ಕಣ್ಣು ಆ ವೇಗಕ್ಕೆ ಒಗ್ಗಿಕೊಂಡಿರುತ್ತದೆ. ಮೈಸೂರು ಬಂತು, ನಿಧಾನ ಮಾಡಿದ್ದೇನೆ ಅಂದುಕೊಳ್ಳುತ್ತೀರಿ. ಮೀಟರ್ ನೋಡಿದರೆ 75. ನಿಮಗೆ ಅದು ಎತ್ತಿನಗಾಡಿಯ ವೇಗ ಅನ್ನಿಸುತ್ತಿರುತ್ತದೆ. ಊರೊಳಗೆ ಬಂದ ಮೊದಲ ಹತ್ತು ನಿಮಿಷ ನಿಮ್ಮ ಅಂದಾಜನ್ನು ನಂಬಬೇಡಿ, ಮೀಟರ್ ನೋಡಿ ಓಡಿಸಿ.

ಮಂಡ್ಯ ಕಡೆ ರಾತ್ರಿ ಓಡಿಸೋಕೆ ಯಾಕೆ ಹೆದರಿಕೆ?

ಕಬ್ಬು. ಕಟಾವು ಶುರುವಾದರೆ ಟ್ರಾಕ್ಟರ್ ಹಿಂದೆ ಎರಡು ಟ್ರೇಲರ್, ಟ್ರೇಲರ್‌ನ ಎರಡೂ ಪಕ್ಕ ಮೊಳದುದ್ದ ಕಬ್ಬು ಹೊರಗೆ ಚಾಚಿರುತ್ತದೆ. ಹಿಂದೆ ಕೆಂಪು ದೀಪ ಇರೋದಿಲ್ಲ, ಇದ್ದರೂ ಸೋಗೆಯ ಹಿಂದೆ ಮುಚ್ಚಿಹೋಗಿರುತ್ತದೆ. ಎದುರಿನಿಂದ ಬರುವವನು ಹೈ ಬೀಮ್ ಹಾಕಿಕೊಂಡು ಬಂದರೆ ಎರಡು ಮೂರು ಸೆಕೆಂಡ್ ನೀವು ಕುರುಡರು. ಆ ಎರಡು ಸೆಕೆಂಡಿನೊಳಗೆ ಎಲ್ಲೋ ಟ್ರೇಲರ್ ಇದೆ.

80ರಲ್ಲಿ ಹೋಗುವ ಕಾರು, ಕಂಡ ಕ್ಷಣದಿಂದ ಪೂರ್ತಿ ನಿಲ್ಲೋಕೆ ಒಣ ರಸ್ತೆಯಲ್ಲೂ ಅರವತ್ತು ಮೀಟರಿಗಿಂತ ಜಾಸ್ತಿ ಬೇಕು. ಡಿಮ್ ಮಾಡಿದ ದೀಪಕ್ಕೆ ಅಷ್ಟು ದೂರ ಚೆನ್ನಾಗಿ ಕಾಣೋದಿಲ್ಲ. ಕಾಣುವ ದೂರದಲ್ಲಿ ನಿಲ್ಲಿಸೋಕೆ ಆಗುವಷ್ಟೇ ವೇಗ ಇಟ್ಟುಕೊಳ್ಳಿ. ಎದುರಿನವರಿಗೆ ನೀವು ಮೊದಲು ಡಿಮ್ ಮಾಡಿ. "ಅವನು ಮಾಡಲಿ, ಆಮೇಲೆ ನಾನು" ಅಂತ ಹಟ ಹಿಡಿದರೆ ಒಬ್ಬನ ಬದಲು ಇಬ್ಬರು ಕುರುಡರು ಎದುರುಬದುರು ಬರುತ್ತಾರೆ.

ನಮ್ಮೂರಿನ ಟ್ರಾಕ್ಟರಿನವನೊಬ್ಬನಿಗೆ ನಾನೇ ರಿಫ್ಲೆಕ್ಟರ್ ಪಟ್ಟಿ ತಂದುಕೊಟ್ಟೆ. "ಬುಡಣ್ಣ, ನಂಗೆಲ್ಲ ಕಾಣ್ತದೆ" ಅಂದ. ಅವನಿಗೆ ಕಾಣೋಕಲ್ಲ ಕಣಪ್ಪಾ ಅದು!

ಕಾಲುವೆ ಪಕ್ಕದ ರಸ್ತೆಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದಾದ ಮೇಲೆ ನಮ್ಮ ಕಡೆ ನಾಲೆ ಏರಿಯ ಮೇಲೆ ಹಾರ್ನ್ ಹೊಡೆದು ಅವಸರ ಮಾಡುವವರನ್ನು ಬಸ್ಸಿನೊಳಗಿನ ಹೆಂಗಸರೇ ಬೈಯುತ್ತಾರೆ.

ಸಿಟಿಯೊಳಗೆ ಹೆಲ್ಮೆಟ್ ಯಾಕೆ? ನಾನು 30ರಲ್ಲೇ ಹೋಗೋದು.

ತಲೆ ಒಡೆಯೋಕೆ ವೇಗ ಬೇಕಿಲ್ಲ, ಎತ್ತರ ಸಾಕು. ನಿಂತ ಸ್ಕೂಟರಿನಿಂದ ಪಕ್ಕಕ್ಕೆ ಬಿದ್ದು ಕಲ್ಲಿಗೆ ತಲೆ ತಾಗಿದರೂ ಸಾಕಾಗುತ್ತದೆ. ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದಿದ್ದವರು. ಅದರಲ್ಲೂ ಹದಿನಾಲ್ಕು ಸಾವಿರಕ್ಕಿಂತ ಜಾಸ್ತಿ ಜನ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು.

ಆ ಹಿಂದೆ ಕೂತವರ ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ. ಕರ್ನಾಟಕದಲ್ಲಿ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರ ಜನವರಿಯಲ್ಲಿ. ಇವತ್ತಿಗೂ ಭಾನುವಾರ ಚಾಮುಂಡಿ ಬೆಟ್ಟದ ಕಡೆ ನಿಂತು ನೋಡಿ. ಗಂಡನ ತಲೆಗೆ ಒಳ್ಳೇ ಹೆಲ್ಮೆಟ್. ಹೆಂಡತಿಯ ತಲೆಯಲ್ಲಿ ಮೈಸೂರು ಮಲ್ಲಿಗೆ. ಮುಂದೆ ನಿಂತಿರುವ ಮಗುವಿಗೆ ಏನೂ ಇಲ್ಲ. ದಂಡ ಓಡಿಸುವವನ ಹೆಸರಿಗೆ ಬರುತ್ತದೆ ಅಂತ ಓಡಿಸುವವನ ತಲೆಗೆ ಮಾತ್ರವಾ?

ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 4151 ಅಂತ ಇದೆಯಾ ನೋಡಿ. ರಸ್ತೆ ಬದಿಯ ಟೋಪಿ ಹೆಲ್ಮೆಟ್ ಬಿಸಿಲಿಗೆ ಆಗುತ್ತದೆ ಅಷ್ಟೇ. ಗಲ್ಲದ ಪಟ್ಟಿ ಹಾಕಿಕೊಳ್ಳದಿದ್ದರೆ ನೀವು ಬೀಳುವ ಮೊದಲು ಹೆಲ್ಮೆಟ್ ಬೀಳುತ್ತದೆ.

ಬೆಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಲ್ವಾ?

ಈಗಿನ ಗಾಡಿಗಳಲ್ಲಿ ಉಳಿಯೋದಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್, ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇರೋಕೆ ಮತ್ತೆ ಪೆಟ್ರೋಲ್ ಕುಡಿಯುತ್ತದೆ. ಜೊತೆಗೆ ಎಂಜಿನ್ನಿನ ಹಿಡಿತವೂ ಹೋಯಿತು, ಎಲ್ಲ ಭಾರ ಬ್ರೇಕಿನ ಮೇಲೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಮಗನಿಗೆ ಹದಿನಾರು. ಟ್ಯೂಷನ್‌ಗೆ ಅಷ್ಟೇ, ಆಕ್ಟಿವಾ ಕೊಡಬಹುದಾ?

ಬೇಡ. ಸಿಕ್ಕಿಬಿದ್ದರೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಅಂತ ಕಾಯ್ದೆಯಲ್ಲಿದೆ. ಹದಿನಾರಕ್ಕೆ ಲೈಸೆನ್ಸ್ ಸಿಗೋದು 50 ಸಿಸಿಯೊಳಗಿನ ಗೇರಿಲ್ಲದ ಗಾಡಿಗೆ, ಆಕ್ಟಿವಾಗೆ ಅಲ್ಲ. ಸರಸ್ವತಿಪುರಂ ಕಡೆ ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಹೋದರೆ ಕಾಣೋ ದೃಶ್ಯ ಬೇರೆ, ಅದು ನನಗೂ ಗೊತ್ತು. ಮೂರು ಮೂರು ಜನ.

ನಾನು ಚೆನ್ನಾಗೇ ಓಡಿಸ್ತೀನಿ. ತೊಂದರೆ ಎಲ್ಲ ಬೇರೆಯವರದ್ದು. ಅಲ್ವಾ?

ಹೀಗೆ ಹೇಳುವವರು ನೀವೊಬ್ಬರೇ ಅಲ್ಲ. 1981ರಲ್ಲಿ ಸ್ವೀಡನ್ನಿನ ಓಲಾ ಸ್ವೆನ್ಸನ್ ಎಂಬ ಸಂಶೋಧಕ ವಿದ್ಯಾರ್ಥಿಗಳನ್ನು ಕೇಳಿದ್ದ, ನಿಮ್ಮ ಗುಂಪಿನಲ್ಲಿ ಓಡಿಸುವ ಕೌಶಲದಲ್ಲಿ ನೀವು ಎಲ್ಲಿದ್ದೀರಿ ಅಂತ. ಅಮೆರಿಕದವರಲ್ಲಿ ಶೇ. 93 ಜನ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದರು. ಸ್ವೀಡನ್ನಿನವರಲ್ಲಿ ಶೇ. 69. ನೂರರಲ್ಲಿ ಐವತ್ತೇ ಜನ ತಾನೇ ಮೇಲಿನ ಅರ್ಧದಲ್ಲಿ ಇರೋಕೆ ಸಾಧ್ಯ?

ನಮ್ಮ ಲೆಕ್ಕ ಯಾವಾಗಲೂ ಹೀಗೇ ನಡೆಯುತ್ತದೆ. ಬೇರೆಯವನು ಅಡ್ಡ ಬಂದರೆ ಅವನಿಗೆ ಬುದ್ಧಿ ಇಲ್ಲ. ನಾವು ಅಡ್ಡ ಹೋದರೆ ಆಫೀಸಿಗೆ ಲೇಟಾಗಿತ್ತು.

ಆಂಬುಲೆನ್ಸ್‌ಗೆ ಮಾತ್ರ ಎಲ್ಲರೂ ದಾರಿ ಬಿಡ್ತಾರಲ್ಲ?

ಬಿಡುತ್ತಾರೆ, ಹೌದು. ದಾರಿ ಬಿಡದಿದ್ದರೆ ಹತ್ತು ಸಾವಿರ ದಂಡ ಅಂತ ಕಾಯ್ದೆಯಲ್ಲಿದೆ, ಆದರೆ ಅದು ಗೊತ್ತಿದ್ದು ಬಿಡುವವರು ಯಾರೂ ಇಲ್ಲ. ಇರ್ವಿನ್ ರಸ್ತೆಯಲ್ಲಿ ಇರುವೆಗೂ ಜಾಗ ಇಲ್ಲದ ಹೊತ್ತಿನಲ್ಲಿ ಸೈರನ್ ಕೇಳಿದರೆ ಆಟೋದವನು ಫುಟ್‌ಪಾತಿಗೆ ಹತ್ತುತ್ತಾನೆ, ಬೈಕಿನ ಹುಡುಗ ಇಳಿದು ಮುಂದಿನ ಕಾರಿನ ಗಾಜು ಬಡಿಯುತ್ತಾನೆ, "ಸೈಡ್ ಸೈಡ್" ಅಂತ ಕೂಗುತ್ತಾನೆ. ಎರಡು ನಿಮಿಷದ ಹಿಂದೆ ಒನ್ ವೇಯಲ್ಲಿ ಉಲ್ಟಾ ಬಂದ ಹುಡುಗ ಅವನೇ. ಪೊಲೀಸರು ಯಾರೂ ಇರೋದಿಲ್ಲ. ಆ ಗಾಡಿಯೊಳಗೆ ಒಬ್ಬ ಮನುಷ್ಯ ಮಲಗಿದ್ದಾನೆ ಅಂತ ಎಲ್ಲರಿಗೂ ಕಾಣುತ್ತಿರುತ್ತದೆ. ಉಳಿದ ಗಾಡಿಗಳೊಳಗೂ ಮನುಷ್ಯರಿದ್ದಾರೆ, ಅವರು ಕೂತಿರೋದರಿಂದ ಕಾಣೋದಿಲ್ಲ ಅಷ್ಟೇ.

ಅಪಘಾತ ಆದವರಿಗೆ ಸಹಾಯ ಮಾಡಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕಾ?

ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ನೀವು ಯಾವತ್ತೂ ರೂಲ್ಸ್ ಮುರಿದಿಲ್ವಾ ಸಾರ್?

ಈ ಪ್ರಶ್ನೆಯನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಮುರಿದಿದ್ದೇನೆ.

ನಮ್ಮ ಮನೆಯ ಪಕ್ಕದ ರಸ್ತೆ ಒನ್ ವೇ. ಹಾಲಿನ ಬೂತ್ ಇರೋದು ಅದರ ಆ ತುದಿಗೆ. ಹಾಲು ತಗೊಂಡು ಸರಿಯಾದ ದಾರಿಯಲ್ಲಿ ವಾಪಸ್ ಬರಬೇಕಾದರೆ ಎರಡು ಬೀದಿ ಸುತ್ತಬೇಕು. ಬೆಳಿಗ್ಗೆ ಐದೂವರೆ, ಯಾರು ಬರುತ್ತಾರೆ ಅಂತ ವರ್ಷಗಟ್ಟಲೆ ಉಲ್ಟಾ ಬಂದಿದ್ದೇನೆ. ಏನೂ ಆಗಿರಲಿಲ್ಲ. ಒಂದು ದಿನ ತಿರುವಿನಲ್ಲಿ ಪೇಪರ್ ಹಾಕುವ ಹುಡುಗನ ಸೈಕಲ್ ಎದುರಾಯಿತು. ಅವನು ಬರಬೇಕಾದ ಕಡೆಯಲ್ಲೇ ಬರುತ್ತಿದ್ದ. ನನ್ನನ್ನು ತಪ್ಪಿಸೋಕೆ ಹೋಗಿ ಬಿದ್ದ, ನಾನು ಅವನ ಪಕ್ಕಕ್ಕೆ ಬಿದ್ದೆ. ಇಬ್ಬರಿಗೂ ತರಚಿದ ಗಾಯ, ಅಷ್ಟೇ. ಎರಡು ಪಾಕೆಟ್ ಹಾಲು ಒಡೆದು ಅವನ ಪೇಪರ್ ಕಟ್ಟಿನ ಮೇಲೆ ಹರಿಯಿತು.

ಹುಡುಗ ಎದ್ದು ನಿಂತು ಮೊದಲು ಹೇಳಿದ ಮಾತು, "ಸಾರಿ ಅಂಕಲ್." ನಾನು ಹಿರಿಯ, ಹೆಲ್ಮೆಟ್ ಹಾಕಿದ್ದೇನೆ, ಸ್ಕೂಟರ್ ಮೇಲೆ ಡ್ರೈವಿಂಗ್ ಸ್ಕೂಲಿನ ಸ್ಟಿಕ್ಕರ್ ಬೇರೆ. ತಪ್ಪು ತನ್ನದೇ ಇರಬೇಕು ಅಂದುಕೊಂಡ. ನಾನು "ಪರವಾಗಿಲ್ಲ ಹೋಗಪ್ಪ" ಅಂದೆ. ಅದನ್ನೇ ಅಂದೆ.

ಆವತ್ತು ನಮ್ಮ ಬೀದಿಯ ಏಳೆಂಟು ಮನೆಗೆ ಹಾಲಿನಲ್ಲಿ ನೆಂದ ಪೇಪರ್ ಹೋಯಿತು. ಎದುರುಮನೆಯವರು ಆ ಹುಡುಗನನ್ನು ನಿಲ್ಲಿಸಿಕೊಂಡು ಬೈದರಂತೆ. ನನ್ನ ಹೆಂಡತಿ ಸಂಜೆ ಹೇಳಿದಳು.